ಸಬ್ಸಿಡಿ ಬಂತು ಸರಿ, ಯಂತ್ರ ಎಷ್ಟು ಗಂಟೆ ಓಡಿತು?

ವಿರಾಜಪೇಟೆ ಕಡೆಯ ಒಬ್ಬ ಮಹಿಳೆ ಕಾಫಿ ಹುರಿದು, ಪುಡಿ ಮಾಡಿ ಮಾರುತ್ತಾರೆ. ಅವರ ಲೆಕ್ಕಪತ್ರ ನೋಡಿಕೊಳ್ಳುವುದು ನಾನು. ಪಾಸ್‌ಬುಕ್ ಜೊತೆ ಅವರು ಒಂದು ನೋಟ್‌ಬುಕ್ಕನ್ನೂ ತರುತ್ತಾರೆ. ಹುರಿಯುವ ಯಂತ್ರ ಯಾವ ದಿನ ಎಷ್ಟು ಗಂಟೆ ಓಡಿತು ಅಂತ ಅದರಲ್ಲಿ ಬರೆದಿಡುತ್ತಾರೆ. ಜುಲೈ ಪುಟಗಳಲ್ಲಿ ಸೊನ್ನೆಗಳೇ ಜಾಸ್ತಿ. ಮರ ಬಿದ್ದು ತಂತಿ ಹರಿದರೆ ಕರೆಂಟ್ ಯಾವಾಗ ಬರುತ್ತೆ ಅಂತ ಯಾರೂ ಹೇಳೋಕಾಗಲ್ಲ, ಅಲ್ವಾ?

ಈ ಸೊನ್ನೆಗಳು ಸರ್ಕಾರದ ಲೆಕ್ಕದಲ್ಲಿ ಇಲ್ಲ. ಅಲ್ಲಿರುವುದು ಸಾಲ ಮಂಜೂರು, ಸಬ್ಸಿಡಿ ಬಿಡುಗಡೆ. ಅಷ್ಟೇ.

ಅವರು ಸಾಲ ಪಡೆದದ್ದು 2020ರಲ್ಲಿ ಶುರುವಾದ ಪಿಎಂಎಫ್‌ಎಂಇ ಯೋಜನೆಯಲ್ಲಿ. ಸಣ್ಣ ಆಹಾರ ಘಟಕಗಳಿಗೆ ಕೇಂದ್ರದ ಯೋಜನೆ ಇದು. ಖರ್ಚಿನ ಶೇ 35ರಷ್ಟು ಸಬ್ಸಿಡಿ, ಹೆಚ್ಚೆಂದರೆ 10 ಲಕ್ಷ ರೂಪಾಯಿ. 12 ಲಕ್ಷದ ಘಟಕ ಅಂತಿಟ್ಟುಕೊಳ್ಳಿ, 4.20 ಲಕ್ಷ ಬರಬೇಕು. ಆದರೆ ಅದು ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲೇ ಬೇರೆ ಖಾತೆಯಲ್ಲಿ ಕೂತಿರುತ್ತದೆ. ಮೂರು ವರ್ಷ ಕಳೆದ ಮೇಲೂ ಸಾಲ ಸುಸ್ತಿಯಾಗದೆ, ಘಟಕವೂ ನಡೆಯುತ್ತಿದ್ದರೆ ಮಾತ್ರ ಸಾಲಕ್ಕೆ ಜಮಾ ಆಗುತ್ತದೆ. ತುಂಬಾ ಜನ ಈ ನಿಯಮಕ್ಕೆ ಬೈಯುತ್ತಾರೆ. ನನಗೆ ಇದು ಒಳ್ಳೆಯ ನಿಯಮ. ಯಾಕೆಂದರೆ ಎಷ್ಟು ಘಟಕ ಮೂರು ವರ್ಷ ಉಳಿದವು ಅನ್ನುವ ಉತ್ತರ ಬ್ಯಾಂಕಿನ ಕಡತದಲ್ಲೇ ಸಿಗುತ್ತದೆ. ಯಾರಾದರೂ ಕೇಳಬೇಕು.

ಕೇಳುವ ಜಾಗ ಇದೆ. ಟಿವಿಯಲ್ಲಿ ಕಾಣುವ ಗಲಾಟೆಯಷ್ಟೇ ಸಂಸತ್ತು ಅಲ್ಲ. 1993ರಿಂದ ಇಲಾಖಾವಾರು ಸ್ಥಾಯಿ ಸಮಿತಿಗಳಿವೆ. ಈಗ ಒಟ್ಟು 24. ಒಂದೊಂದರಲ್ಲಿ 31 ಜನ, ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ಮಂತ್ರಿಗಳು ಸದಸ್ಯರಾಗುವಂತಿಲ್ಲ. ಬಜೆಟ್ ಮಂಡನೆಯಾದ ಮೇಲೆ ಇಲಾಖೆಯ ಅಧಿಕಾರಿಗಳು ಇಲ್ಲಿ ಕೂತು, ಕೊಟ್ಟ ದುಡ್ಡು ಏನಾಯಿತು ಅಂತ ಉತ್ತರ ಹೇಳಬೇಕು. ಕ್ಯಾಮೆರಾ ಇರುವುದಿಲ್ಲ, ಹಾಗಾಗಿ ಪಕ್ಷದ ಜಗಳವೂ ಕಡಿಮೆ. ಸಮಿತಿಯ ಶಿಫಾರಸನ್ನು ಸರ್ಕಾರ ಒಪ್ಪಲೇಬೇಕು ಅಂತಿಲ್ಲ. ಆದರೆ ಒಪ್ಪದಿದ್ದರೆ ಯಾಕೆ ಅಂತ ಬರೆದು ಕೊಡಬೇಕು. ಆ ಒಂದು ಸಾಲಿನ ಬೆಲೆ ದೊಡ್ಡದು.

ನಮ್ಮ ಕಷ್ಟ ಬೇರೆ ಇದೆ. ಕಾಫಿ ಮಂಡಳಿ ವಾಣಿಜ್ಯ ಸಚಿವಾಲಯದ ಕೆಳಗೆ, ಅದನ್ನು ನೋಡುವುದು ವಾಣಿಜ್ಯ ಸಮಿತಿ. ಪಿಎಂಎಫ್‌ಎಂಇ ಆಹಾರ ಸಂಸ್ಕರಣಾ ಸಚಿವಾಲಯದ್ದು, ಅದು ಕೃಷಿ ಸಮಿತಿಗೆ ಹೋಗುತ್ತದೆ. ಸಣ್ಣ ಉದ್ದಿಮೆಗಳು ಮಾಡಿಸುವ ಉದ್ಯಮ್ ನೋಂದಣಿ ಕೈಗಾರಿಕಾ ಸಮಿತಿಗೆ. ಕರೆಂಟ್ ತಂತಿಯ ದೂರು ಮೈಸೂರಿನ ವಿದ್ಯುತ್ ಕಂಪನಿಗೆ. ಒಬ್ಬ ಹೆಂಗಸು, ಒಂದು ಯಂತ್ರ, ನಾಲ್ಕು ಬಾಗಿಲು. 1950ರಿಂದ 56ರವರೆಗೆ ಕೊಡಗು ಬೇರೆ ರಾಜ್ಯವಾಗಿತ್ತು, 1952ರಿಂದ 24 ಸದಸ್ಯರ ಸ್ವಂತ ವಿಧಾನಸಭೆಯಿತ್ತು. ಆ ಕಾಲ ಮತ್ತೆ ಬರಲಿ ಅಂತ ನಾನು ಹೇಳುತ್ತಿಲ್ಲ. ಇಡೀ ಕಥೆಯನ್ನು ಒಂದೇ ಕಡೆ ಕೇಳುವವರು ಈಗ ಇಲ್ಲ ಅನ್ನುವುದು ಮಾತ್ರ ನನ್ನನ್ನು ಕಾಡುತ್ತದೆ.

ತೋಟದ ಮಾತೂ ಇದೇ. ಹೆಕ್ಟೇರಿಗೆ ಇಷ್ಟು ಕೆ.ಜಿ. ಅಂತ ಸರಾಸರಿ ಹೇಳುತ್ತಾರೆ. ಫೆಬ್ರವರಿ–ಮಾರ್ಚ್‌ನಲ್ಲಿ ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಕೈಕೊಟ್ಟರೆ ಕೆರೆ, ಸ್ಪ್ರಿಂಕ್ಲರ್ ಇದ್ದವನ ರೋಬಸ್ಟಾ ಕಾಫಿ ಉಳಿಯುತ್ತದೆ. ಬೇಲಿಯಾಚೆಯವನದು ಹೋಗುತ್ತದೆ. ಸರಾಸರಿಯಲ್ಲಿ ಇಬ್ಬರೂ ಒಂದೇ.

ಹಾಗಾಗಿ ಪ್ರಶ್ನೆ ಕೇಳುವ ರೀತಿ ಬದಲಾಗಬೇಕು. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ಗುರುತಿಲ್ಲದ ಪ್ರಶ್ನೆ ಪಟ್ಟಿಯಾಗುತ್ತವೆ. ಮೊದಲನೆಯದಕ್ಕೆ ಬಾಯಿಮಾತಿನ ಉತ್ತರ, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಎರಡನೆಯದಕ್ಕೆ ಬರಹದ ಉತ್ತರ. ಸಂಸದರು ಕನಿಷ್ಠ 15 ದಿನ ಮೊದಲೇ ನೋಟಿಸ್ ಕೊಡಬೇಕು, ಅಂದರೆ ನಾವು ಅದಕ್ಕೂ ಮೊದಲೇ ಅವರಿಗೆ ತಲುಪಿಸಬೇಕು. "ಕೊಡಗಿಗೆ ಎಷ್ಟು ಹಣ ಬಿಡುಗಡೆಯಾಗಿದೆ?" ಅಂತ ಸುಮ್ನೆ ಕೇಳಿದರೆ ಒಂದು ಮೊತ್ತ ಬರುತ್ತದೆ, ಮುಗಿಯಿತು. "ಮೂರು ವರ್ಷ ತುಂಬಿದ ಘಟಕಗಳಲ್ಲಿ ಎಷ್ಟಕ್ಕೆ ಸಬ್ಸಿಡಿ ಜಮಾ ಆಯಿತು, ಎಷ್ಟಕ್ಕೆ ಆಗಲಿಲ್ಲ, ಯಾಕೆ?" ಅಂತ ಕೇಳಿದರೆ ಬ್ಯಾಂಕಿನ ಕಡತ ತೆರೆಯಲೇಬೇಕು. "ಮಾಹಿತಿ ಸಂಗ್ರಹಿಸಲಾಗುತ್ತಿದೆ" ಅನ್ನುವ ಉತ್ತರ ಬಂದರೂ ಬೇಸರ ಬೇಡ. ಅದು ಸದನಕ್ಕೆ ಕೊಟ್ಟ ಭರವಸೆ ಅಂತ ದಾಖಲಾಗುತ್ತದೆ. ಮೂರು ತಿಂಗಳಲ್ಲಿ ಈಡೇರಿಸಬೇಕು. ಈಡೇರಿತಾ ಅಂತ ನೋಡಲು ಸರ್ಕಾರಿ ಭರವಸೆಗಳ ಸಮಿತಿಯೇ ಇದೆ.

ಆ ಪ್ರಶ್ನೆಯನ್ನು ನಾವಿಬ್ಬರೂ ಕೂತು ಒಂದು ಪುಟದಲ್ಲಿ ಬರೆದಿದ್ದೇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನೋಟ್‌ಬುಕ್ ಪುಟಗಳ ಜೆರಾಕ್ಸ್ ಲಗತ್ತಿಸಿದ್ದೇವೆ. ಗೋಣಿಕೊಪ್ಪಲಿನ ಇನ್ನಿಬ್ಬರು ತಮ್ಮ ಘಟಕದ ಲೆಕ್ಕ ತಂದುಕೊಡುತ್ತೇವೆ ಅಂದಿದ್ದಾರೆ. ಅದು ಸೇರಿದ ಕೂಡಲೇ ಸಂಸದರ ಕಚೇರಿಗೆ ಒಯ್ಯುತ್ತೇವೆ.