ಪಂಚಾಯತಿಗೆ ದುಡ್ಡು ಬರೋದು ಹೇಗೆ, ನಿಲ್ಲೋದು ಯಾಕೆ: ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಪರೀಕ್ಷೆಗೆ ಓದುವವರಿಗೆ ಒಂದು ಟಿಪ್ಪಣಿ

"15ನೇ ಹಣಕಾಸು ಆಯೋಗ, ಅಧ್ಯಕ್ಷರು ಎನ್.ಕೆ. ಸಿಂಗ್" ಅಂತ ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಆದರೆ ಆ ಹಣ ಪಂಚಾಯತಿ ಖಾತೆಗೆ ಹೇಗೆ ಬರುತ್ತದೆ, ಯಾಕೆ ನಿಲ್ಲುತ್ತದೆ ಅಂತ ಕೇಳಿದರೆ ತಡವರಿಸುತ್ತೇವೆ. ನಾನು ಎರಡು ವರ್ಷ ಒಂದು ಗ್ರಾಮ ಪಂಚಾಯತಿಯಲ್ಲಿ ಡಾಟಾ ಎಂಟ್ರಿ ಕೆಲಸ ಮಾಡಿದ್ದೇನೆ. ಅಲ್ಲಿ ನನಗೆ ಗೊತ್ತಾದದ್ದು ಇಷ್ಟು: ಶಾಸಕರ ಹತ್ತಿರ ಪತ್ರ ತಗೊಂಡು ಓಡಾಡಿದರೆ ಅನುದಾನ ಬರುತ್ತದೆ ಅಂತ ಊರಲ್ಲಿ ನಂಬಿಕೆ, ನಿಜವಾಗಿ ಈ ವರ್ಷದ ದುಡ್ಡನ್ನು ತರುವುದು ಹೋದ ವರ್ಷದ ಲೆಕ್ಕ.

ಮೊದಲು ಬುಡದ ವಿಷಯ. 1992ರ 73ನೇ ತಿದ್ದುಪಡಿಯಿಂದ ಸಂವಿಧಾನದ 280ನೇ ವಿಧಿಗೆ ಒಂದು ಮಾತು ಸೇರಿತು. ಪಂಚಾಯತಿಗಳ ಸಂಪನ್ಮೂಲಕ್ಕೆ ಪೂರಕವಾಗಿ ರಾಜ್ಯದ ಸಂಚಿತ ನಿಧಿಯನ್ನು, ಅಂದರೆ ಸರ್ಕಾರದ ಮುಖ್ಯ ಖಜಾನೆಯನ್ನು, ಹೆಚ್ಚಿಸಲು ಏನು ಮಾಡಬೇಕು ಅಂತ ಕೇಂದ್ರ ಹಣಕಾಸು ಆಯೋಗ ಹೇಳಬೇಕು. 15ನೇ ಆಯೋಗ 2021ರಿಂದ 2026ರ ಅವಧಿಗೆ ದೇಶದ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ 2,36,805 ಕೋಟಿ ರೂಪಾಯಿ ಶಿಫಾರಸು ಮಾಡಿತು. 2026ರ ಏಪ್ರಿಲ್‌ನಿಂದ ಅರವಿಂದ ಪನಗಾರಿಯಾ ಅಧ್ಯಕ್ಷತೆಯ 16ನೇ ಆಯೋಗದ ಅವಧಿ. ಹಾಗಾಗಿ ಕೆಳಗಿನ ಶೇಕಡಾ ಲೆಕ್ಕವನ್ನು ಸುಮ್ನೆ ಗಟ್ಟು ಹೊಡೆಯಬೇಡಿ, ಅದರ ಹಿಂದಿನ ತರ್ಕ ಹಿಡಿಯಿರಿ.

15ನೇ ಆಯೋಗದ ಹಣದಲ್ಲಿ ಶೇ 60 ನಿರ್ಬಂಧಿತ, ಶೇ 40 ಮುಕ್ತ. ಆಫೀಸಿನಲ್ಲಿ ಯಾರೂ ಈ ಪದ ಬಳಸುವುದಿಲ್ಲ, ಟೈಡ್, ಅನ್‌ಟೈಡ್ ಅಂತಲೇ ಅನ್ನುತ್ತಾರೆ. ಟೈಡ್‌ನಲ್ಲಿ ಅರ್ಧ ನೈರ್ಮಲ್ಯಕ್ಕೆ, ಇನ್ನರ್ಧ ಕುಡಿಯುವ ನೀರು, ಮಳೆನೀರು ಕೊಯ್ಲು, ನೀರಿನ ಮರುಬಳಕೆಗೆ. ಒಂದು ಪಂಚಾಯತಿಗೆ ವರ್ಷಕ್ಕೆ 20 ಲಕ್ಷ ಬಂತು ಅಂದುಕೊಳ್ಳಿ. ನೈರ್ಮಲ್ಯಕ್ಕೆ 6, ನೀರಿಗೆ 6, ಉಳಿದ 8 ಲಕ್ಷ ಊರಿಗೆ ಬೇಕಾದ ಬೇರೆ ಕೆಲಸಕ್ಕೆ. ಆ 8 ಲಕ್ಷಕ್ಕೂ ಒಂದು ಬೇಲಿ ಇದೆ. 11ನೇ ಅನುಸೂಚಿಯ 29 ವಿಷಯಗಳ ಒಳಗಿರಬೇಕು, ಸಂಬಳ ಮತ್ತು ಕಚೇರಿ ಸಿಬ್ಬಂದಿ ವೆಚ್ಚಕ್ಕೆ ಮುಟ್ಟುವಂತಿಲ್ಲ. ಬೀದಿದೀಪ ಬೇಕು ಅಂದರೆ ಅನ್‌ಟೈಡ್‌ನಿಂದ ಹಾಕಬಹುದು. ನೈರ್ಮಲ್ಯದ ದುಡ್ಡು ಉಳಿದಿದೆ ಅಂತ ಅದರಿಂದ ದೀಪ ಹಾಕಿದರೆ ಆಡಿಟ್‌ನವರು ಆಕ್ಷೇಪಣೆ ಬರೆಯುತ್ತಾರೆ, ಅದನ್ನು ತೀರಿಸೋದು ಆಮೇಲೆ ಬರುವ ಪಿಡಿಒ ತಲೆನೋವು.

ಈಗ ಪರೀಕ್ಷೆಗೂ ಕೆಲಸಕ್ಕೂ ಮುಖ್ಯವಾದ ಭಾಗ, 15ನೇ ಆಯೋಗದ ಷರತ್ತುಗಳು. ಒಂದು, ಚುನಾಯಿತ ಸದಸ್ಯರು ಇರುವ ಸಂಸ್ಥೆಗೆ ಮಾತ್ರ ಹಣ. ನಮ್ಮ ಕರ್ನಾಟಕದಲ್ಲಿ ಜಿಲ್ಲಾ ಮತ್ತು ತಾಲೂಕು ಪಂಚಾಯತಿಗಳ ಅವಧಿ 2021ರಲ್ಲೇ ಮುಗಿಯಿತು, ಚುನಾವಣೆ ಮುಂದಕ್ಕೆ ಹೋಗುತ್ತಲೇ ಇತ್ತು. ಅವುಗಳ ಪಾಲಿಗೆ ಕತ್ತರಿ ಬಿದ್ದದ್ದು ಇದೇ ಷರತ್ತಿನಿಂದ. ಎರಡನೆಯದು ಲೆಕ್ಕ. ಹಿಂದಿನ ವರ್ಷದ ತಾತ್ಕಾಲಿಕ ಲೆಕ್ಕ ಮತ್ತು ಅದರ ಹಿಂದಿನ ವರ್ಷದ ಆಡಿಟ್ ಆದ ಲೆಕ್ಕ, ಎರಡೂ ಆನ್‌ಲೈನ್‌ನಲ್ಲಿ ಎಲ್ಲರಿಗೂ ಕಾಣಬೇಕು. ಅಂದರೆ 2024-25ರ ಹಣ ಬೇಕಿದ್ದರೆ 2023-24ರ ತಾತ್ಕಾಲಿಕ ಲೆಕ್ಕ, 2022-23ರ ಆಡಿಟ್ ವರದಿ. ಮೊದಲ ಎರಡು ವರ್ಷ ಸ್ವಲ್ಪ ಸಡಿಲ ಇತ್ತು, 2023-24ರಿಂದ ಲೆಕ್ಕ ಹಾಕದ ಪಂಚಾಯತಿಯ ಪಾಲು ಸಿಗುವುದಿಲ್ಲ ಅಂತಾಯಿತು. ಇನ್ನೊಂದು ಕಡೆ, ಕೇಂದ್ರದಿಂದ ಬಂದ ಹಣವನ್ನು ರಾಜ್ಯ 10 ಕೆಲಸದ ದಿನಗಳೊಳಗೆ ದಾಟಿಸಬೇಕು, ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು. ಈ ಬಡ್ಡಿ ವಿಷಯ ನಮ್ಮ ಕಡೆ ಸದಸ್ಯರಿಗೇ ಗೊತ್ತಿರುವುದಿಲ್ಲ.

ಯೋಜನೆ ಬರೆಯೋದು ಇನ್ನೊಂದು ಕಥೆ. ಗ್ರಾಮ ಪಂಚಾಯತಿ ಅಭಿವೃದ್ಧಿ ಯೋಜನೆ ವಾರ್ಡ್ ಸಭೆಯಿಂದ ಶುರುವಾಗಿ ಗ್ರಾಮಸಭೆಗೆ ಬಂದು, ಆಮೇಲೆ ಇ-ಗ್ರಾಮ್‌ಸ್ವರಾಜ್‌ಗೆ ಏರುತ್ತದೆ. ಈ ಪೋರ್ಟಲ್ ಶುರುವಾದದ್ದು 2020ರ ಏಪ್ರಿಲ್ 24ರಂದು, ಪಂಚಾಯತ್ ರಾಜ್ ದಿನ. ಯೋಜನೆಯಲ್ಲಿ ಇಲ್ಲದ ಕಾಮಗಾರಿಗೆ ಅಲ್ಲಿ ಬಿಲ್ ಮಾಡಲು ಆಗುವುದಿಲ್ಲ. ನಾನು ಸೇರಿದಾಗ ಹಳೆಯ ನಡವಳಿ ಪುಸ್ತಕದಲ್ಲಿ "ಊರಿನ ಚರಂಡಿ ದುರಸ್ತಿ" ಅಂತ ಒಂದೇ ಸಾಲು ಇತ್ತು. ಯಾವ ಚರಂಡಿ, ಎಷ್ಟು ಉದ್ದ, ಯಾರಿಗೆ ಗೊತ್ತು? ಎಂಜಿನಿಯರ್ ಅಂದಾಜು ಪಟ್ಟಿ ಮಾಡದೆ ವಾಪಸ್ ಕಳಿಸಿದರು. ಮುಂದಿನ ಸಭೆಯಲ್ಲಿ "ಮಾರಮ್ಮನ ಗುಡಿಯಿಂದ ಶಾಲೆ ಕಾಂಪೌಂಡ್‌ವರೆಗೆ, ಎಡಬದಿ, 120 ಮೀಟರ್" ಅಂತ ಬರೆದೆವು. ವಾರದಲ್ಲಿ ಅಂದಾಜು ಬಂತು. ಇಷ್ಟೇ ವ್ಯತ್ಯಾಸ, ಅದಕ್ಕೆ ನಾಲ್ಕು ತಿಂಗಳು ಹೋಗಿತ್ತು.

ಇನ್ನು ಹೆಚ್ಚುವರಿ ದುಡ್ಡು ತರುವ ಜಾಣತನ. ಆಯೋಗದ ಹಣವನ್ನು ಹಾಗೇ ಖರ್ಚು ಮಾಡಿದರೆ ಅಷ್ಟೇ ಸಿಗುತ್ತದೆ, ಅದನ್ನೇ ನಮ್ಮ ಪಾಲಾಗಿ ಇಟ್ಟರೆ ಬೇರೆ ಯೋಜನೆಯ ಬಾಗಿಲು ತೆರೆಯುತ್ತದೆ. 15ನೇ ಆಯೋಗದ ಅವಧಿಯ ಸ್ವಚ್ಛ ಭಾರತ್ ಎರಡನೇ ಹಂತವನ್ನೇ ನೋಡಿ. 5,000 ಜನಸಂಖ್ಯೆವರೆಗಿನ ಊರಿಗೆ ಘನತ್ಯಾಜ್ಯಕ್ಕೆ ತಲಾ 60 ರೂಪಾಯಿವರೆಗೆ, ಬೂದು ನೀರಿಗೆ, ಅಂದರೆ ಬಚ್ಚಲು ಮತ್ತು ಅಡುಗೆಮನೆ ನೀರಿಗೆ, ತಲಾ 280ರವರೆಗೆ. ಇದರಲ್ಲಿ ಶೇ 30 ಪಂಚಾಯತಿ ತನ್ನ ಆಯೋಗದ ಹಣದಿಂದ ಹಾಕಬೇಕು. 3,200 ಜನರ ಊರು ಅಂದರೆ 1,92,000 ಮತ್ತು 8,96,000, ಒಟ್ಟು 10,88,000. ನಮ್ಮ ಕೈಯಿಂದ 3,26,400, ಅತ್ತಲಿಂದ 7,61,600. ನೈರ್ಮಲ್ಯದ 6 ಲಕ್ಷದಲ್ಲಿ ಇದು ಆರಾಮಾಗಿ ಹಿಡಿಸುತ್ತದೆ, ಅಲ್ವಾ? ಆದರೂ ಎಷ್ಟೋ ಕಡೆ ಆ 6 ಲಕ್ಷ ಚೂರು ಚೂರು ಚರಂಡಿಗೆ ಹರಿದು ಹೋಗುತ್ತದೆ, ವಾರ್ಡಿಗೊಂದು ಕೆಲಸ ಅಂತ ಸದಸ್ಯರು ಹಂಚಿಕೊಳ್ಳುತ್ತಾರೆ. ಅವರನ್ನು ಬೈದು ಪ್ರಯೋಜನ ಇಲ್ಲ, ಈ ಲೆಕ್ಕವನ್ನು ಸಭೆಯಲ್ಲಿ ಬೋರ್ಡ್ ಮೇಲೆ ಬರೆದು ತೋರಿಸಿದವರು ಕಡಿಮೆ.

ಚೆನ್ನಾಗಿ ನಡೆಸಿದರೆ ಬಹುಮಾನವೂ ಇದೆ. ರಾಜ್ಯ ಸರ್ಕಾರದ ಗಾಂಧಿ ಗ್ರಾಮ ಪುರಸ್ಕಾರದಲ್ಲಿ ತಾಲೂಕಿಗೊಂದು ಪಂಚಾಯತಿಗೆ 5 ಲಕ್ಷ.

ಬಂದ ಹಣವನ್ನು ಸಂಭಾಳಿಸುವುದರಲ್ಲಿ ನಾನು ಕಂಡ ದೊಡ್ಡ ಎಡವಟ್ಟು ಒಂದು ಚಿಕ್ಕ ಡಾಂಗಲ್‌ನಿಂದ ಆಯಿತು. ಪಾವತಿಗೆ ಪಿಡಿಒ ಮತ್ತು ಅಧ್ಯಕ್ಷರು ಇಬ್ಬರ ಡಿಜಿಟಲ್ ಸಹಿ ಬೇಕು, ಆ ಸಹಿ ಇರುವುದು ಕಂಪ್ಯೂಟರ್‌ಗೆ ಚುಚ್ಚುವ ಈ ಡಾಂಗಲ್‌ನಲ್ಲಿ. ಮಾರ್ಚ್ ಕೊನೆಯ ವಾರ, ಕುಡಿಯುವ ನೀರಿನ ಪೈಪ್‌ಲೈನ್ ಕೆಲಸ ಮುಗಿದಿತ್ತು, ಅಳತೆ ಪುಸ್ತಕ ಬರೆದಾಗಿತ್ತು, ಫೋಟೋ ಅಪ್‌ಲೋಡ್ ಆಗಿತ್ತು. ಪಿಡಿಒ ಮೇಡಂ ಸಹಿ ಹಾಕಿದರು. ಅಧ್ಯಕ್ಷರ ಡಾಂಗಲ್ ಚುಚ್ಚಿದರೆ ಅವಧಿ ಮುಗಿದಿದೆ ಅಂತ ತೋರಿಸಿತು. ಹೊಸದು ಬರಲು 12 ದಿನ. ಗುತ್ತಿಗೆದಾರ ದಿನಾ ಬಂದು ಬೆಂಚಿನ ಮೇಲೆ ಕೂತು ಹೋಗುತ್ತಿದ್ದ. ಬಿಲ್ ಏಪ್ರಿಲ್‌ಗೆ ಹೋಯಿತು, ಆ ವರ್ಷದ ಖರ್ಚು ಕಡಿಮೆ ಅಂತ ಕಂಡಿತು, ಹಣ ಬಳಕೆ ಪ್ರಮಾಣಪತ್ರದಲ್ಲೂ ಅದೇ ಅಂಕಿ. ಆಮೇಲೆ ನಾವು ಎರಡೂ ಡಾಂಗಲ್‌ಗಳ ಕೊನೆ ದಿನಾಂಕವನ್ನು ಬೀರುವಿನ ಬಾಗಿಲಿಗೆ ಅಂಟಿಸಿದೆವು.

ಇನ್ನೊಂದು ತಪ್ಪು, ಟೆಂಡರ್ ತಪ್ಪಿಸಲು ಒಂದೇ ಕಾಮಗಾರಿಯನ್ನು ತುಂಡು ಮಾಡೋದು. ಒಂದೇ ರಸ್ತೆ, ಒಂದೇ ವಾರ, ಮೂರು ಬಿಲ್ಲು ಅಂದರೆ ಆಡಿಟ್‌ನವರು ಮೊದಲು ಅದನ್ನೇ ಹಿಡಿಯುತ್ತಾರೆ.

ಒಂದು ಲೆಕ್ಕ ನೀವೇ ಮಾಡಿ. ಮೇಲೆ ಹೇಳಿದ ಸ್ವಚ್ಛ ಭಾರತ್ ಯೋಜನೆಯಲ್ಲಿ 5,000ಕ್ಕಿಂತ ಜಾಸ್ತಿ ಜನ ಇರುವ ಊರಿಗೆ ದರ ಬೇರೆ, ಘನತ್ಯಾಜ್ಯಕ್ಕೆ ತಲಾ 45, ಬೂದು ನೀರಿಗೆ 660. 6,000 ಜನರ ಊರಾದರೆ ಪಂಚಾಯತಿ ಪಾಲು ಎಷ್ಟು? ನನಗೆ ಬಂದದ್ದು 12,69,000. ಈಗ ಮೇಲಿನ 20 ಲಕ್ಷದ ಪಂಚಾಯತಿಗೆ ನೈರ್ಮಲ್ಯಕ್ಕೆ ವರ್ಷಕ್ಕೆ 6 ಲಕ್ಷವೇ ಇರುವುದು. ಎರಡು ವರ್ಷದ್ದು ಸೇರಿಸಿದರೂ 69,000 ಕಡಿಮೆ. ಹಾಗಾದರೆ ಕೆಲಸವನ್ನು ಯಾವ ಯಾವ ವರ್ಷದ ಯೋಜನೆಗೆ ಹೇಗೆ ಹಂಚುತ್ತೀರಿ?