ಮೀಥೇನನ್ನು ಮುರಿಯಬಹುದು, ನಿಲ್ಲಿಸುವುದು ಹೇಗೆ?

ಕೈಲ್‌ಪೋಳ್ದ್ ಹಬ್ಬದ ಹೊತ್ತಿಗೆ ಕೊಡಗಿನ ಗದ್ದೆಗಳಲ್ಲಿ ನಾಟಿ ಮುಗಿದು ನೀರು ನಿಂತಿರುತ್ತದೆ. ಆಗ ಕೆಸರಿಗೆ ಕಾಲಿಟ್ಟು ನೋಡಿ, ಬುಳುಬುಳು ಗುಳ್ಳೆ ಏಳುತ್ತವೆ. ಅದರಲ್ಲಿರುವುದು ಮೀಥೇನ್. ಗಾಳಿಯಾಡದ ಮಣ್ಣಿನಡಿ ಹುಲ್ಲು, ಬೇರು ಕೊಳೆತಾಗ ಹುಟ್ಟುವ ಅನಿಲ. ಕಾಫಿ ಪಲ್ಪಿಂಗ್ ಮಾಡಿದ, ಅಂದರೆ ಹಣ್ಣಿನ ಸಿಪ್ಪೆ ಸುಲಿದ, ನೀರನ್ನು ಮುಚ್ಚಿದ ತೊಟ್ಟಿಯಲ್ಲಿ ಕೊಳೆಸಿದರೂ ಬರುವುದು ಇದೇ.

ಹುಟ್ಟಿದ್ದೆಲ್ಲ ಹೊರಗೆ ಬರುವುದಿಲ್ಲ. ಕೆಸರಿನ ಮೇಲ್ಪದರದಲ್ಲಿ, ಭತ್ತದ ಬೇರಿನ ಸುತ್ತ, ಒಂದಿಷ್ಟು ಆಮ್ಲಜನಕ ಸಿಗುವ ಕಡೆ ಬೇರೆ ಬ್ಯಾಕ್ಟೀರಿಯಾಗಳಿರುತ್ತವೆ. ಮೀಥೇನೇ ಅವುಗಳ ಊಟ. ಮೊದಲು ಅದನ್ನು ಮೆಥನಾಲ್ ಎಂಬ ದ್ರವರೂಪದ ಆಲ್ಕೋಹಾಲ್ ಮಾಡಿಕೊಳ್ಳುತ್ತವೆ. ಅದೂ ಗದ್ದೆಯ ತಣ್ಣನೆ ನೀರಲ್ಲಿ! ಈ ಕೆಲಸಕ್ಕಿರುವ ಎರಡು ಬಗೆಯ ಕಿಣ್ವಗಳಲ್ಲಿ ಒಂದರೊಳಗೆ ಎರಡು ಕಬ್ಬಿಣದ ಪರಮಾಣುಗಳು ಜೋಡಿಯಾಗಿ ಕೂತಿವೆ.

ಇದೇ ಮೆಥನಾಲಿಗಾಗಿ ಫ್ಯಾಕ್ಟರಿ ಪಡುವ ಪಾಡು ಬೇರೆ. ಮೀಥೇನಿಗೆ ಹಬೆ ಸೇರಿಸಿ 800 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಮಾಡಬೇಕು. ಆಮೇಲೆ ಅವನ್ನು ವಾತಾವರಣದ 50ರಿಂದ 100 ಪಟ್ಟು ಒತ್ತಡದಲ್ಲಿ ಕೂಡಿಸಬೇಕು. ಇಷ್ಟು ಸುತ್ತು ಯಾಕೆ? ಮೀಥೇನಿನಲ್ಲಿ ಕಾರ್ಬನ್-ಹೈಡ್ರೋಜನ್ ಬಂಧ ಮುರಿಯಲು ಮೋಲ್‌ಗೆ ಸುಮಾರು 439 ಕಿಲೋಜೂಲ್ ಬೇಕು. ಮೆಥನಾಲಿನಲ್ಲಿ ಸುಮಾರು 402 ಸಾಕು. ಮೀಥೇನನ್ನು ಮುರಿಯುವಷ್ಟು ಜೋರಿರುವ ವಸ್ತು ಮೆಥನಾಲನ್ನು ಸುಮ್ನೆ ಬಿಟ್ಟೀತಾ? ಎಲ್ಲ ಉರಿದು ಕಾರ್ಬನ್ ಡೈಆಕ್ಸೈಡ್ ಆಗಿಬಿಡುತ್ತದೆ.

ಇಲ್ಲಿ ಜಿಯೋಲೈಟ್ ಬರುತ್ತದೆ. ಸಿಲಿಕಾನ್, ಅಲ್ಯೂಮಿನಿಯಂ, ಆಮ್ಲಜನಕ ಸೇರಿ ಆದ ಹರಳು. ಒಳಗೆಲ್ಲ ಜೇನುತಟ್ಟಿಯ ಹಾಗೆ ಗೂಡುಗಳು. ಬಟ್ಟೆ ಒಗೆಯುವ ಪುಡಿಯಲ್ಲೂ ಕೋವಿಡ್ ಕಾಲದ ಆಕ್ಸಿಜನ್ ಯಂತ್ರಗಳಲ್ಲೂ ಇರುವುದು ಇದೇ ಬಳಗ. 1990ರ ಸುಮಾರಿಗೆ ರಷ್ಯಾದ ನೊವೊಸಿಬಿರ್ಸ್ಕ್‌ನಲ್ಲಿ ಪಾನೋವ್ ಮತ್ತು ಸಂಗಡಿಗರು ಕಬ್ಬಿಣವಿರುವ ಜಿಯೋಲೈಟನ್ನು ಬಿಸಿ ಮಾಡಿ ನೈಟ್ರಸ್ ಆಕ್ಸೈಡ್ ಅನಿಲ ಹಾಯಿಸಿದರು. ಅದರ ಆಮ್ಲಜನಕ ಕಬ್ಬಿಣದ ಮೇಲೆ ಕೂತಿತು. ಈ ಆಮ್ಲಜನಕ ಕೋಣೆಯ ಉಷ್ಣತೆಯಲ್ಲೇ ಮೀಥೇನಿಗೆ ಕೈ ಹಾಕುತ್ತದೆ! ಆ ಕಬ್ಬಿಣದ ರೂಪ ಪಕ್ಕಾ ಆದದ್ದು ಮಾತ್ರ 2016ರಲ್ಲಿ. ಹರಳಿನ ಚೌಕಟ್ಟು ಒಂಟಿ ಕಬ್ಬಿಣವನ್ನು ನಾಲ್ಕು ಕಡೆಯಿಂದ ಬಿಗಿಯಾಗಿ ಹಿಡಿದು ಚಪ್ಪಟೆಯಾಗಿ ಕೂರಿಸಿರುತ್ತದೆ. ಅದಕ್ಕೇ ಆ ಚುರುಕು.

ನನಗೆ ಜಾಸ್ತಿ ಇಷ್ಟವಾಗಿದ್ದು 2021ರ ಕೆಲಸ. ಕಬ್ಬಿಣದ ಮೇಲಿನ ಆಮ್ಲಜನಕ ಮೀಥೇನಿನಿಂದ ಒಂದು ಹೈಡ್ರೋಜನ್ ಕಿತ್ತುಕೊಂಡಾಗ ಮಿಥೈಲ್ ಎಂಬ ತುಂಡು ಉಳಿಯುತ್ತದೆ. ಬೀಟಾ ಎಂಬ ಜಿಯೋಲೈಟಿನಲ್ಲಿ ಗೂಡಿನ ಬಾಗಿಲು ದೊಡ್ಡದು. ತುಂಡು ತಪ್ಪಿಸಿಕೊಂಡು ಹೋಗಿ ಇನ್ನೊಂದು ಕಬ್ಬಿಣಕ್ಕೆ ಅಂಟುತ್ತದೆ, ಎರಡೂ ಕೆಟ್ಟವು. ಚಾಬಜೈಟ್ ಎಂಬ ಇನ್ನೊಂದು ಜಿಯೋಲೈಟಿನ ಬಾಗಿಲು ಸುಮಾರು 0.38 ನ್ಯಾನೋಮೀಟರ್, ಹೆಚ್ಚುಕಮ್ಮಿ ಮೀಥೇನಿನಷ್ಟೇ. ಅಲ್ಲಿ ತುಂಡು ಹೊರಗೆ ನುಸುಳುವುದು ಕಷ್ಟ. ಹುಟ್ಟಿದ ಗೂಡಿನಲ್ಲೇ ಕೂಡಿಕೊಂಡು ಮೆಥನಾಲ್ ಆಗುತ್ತದೆ, ಕಬ್ಬಿಣ ಮತ್ತೆ ಕೆಲಸಕ್ಕೆ ಸಿದ್ಧ. ಅಂದರೆ ಕಬ್ಬಿಣದಷ್ಟೇ ಬಾಗಿಲಿನ ಅಳತೆಯೂ ಮುಖ್ಯ, ಅಲ್ವಾ?

ತೊಡಕೂ ಇದೆ. ಅಂಟಿಕೊಂಡ ಮೆಥನಾಲನ್ನು ಎಷ್ಟೋ ಸಲ ನೀರು ಹಾಯಿಸಿ ಬಿಡಿಸಬೇಕು. ನೈಟ್ರಸ್ ಆಕ್ಸೈಡ್ ಅಗ್ಗದ್ದಲ್ಲ. ಗದ್ದೆಯ ಬ್ಯಾಕ್ಟೀರಿಯಾದ ಹಾಗೆ ಗಾಳಿಯ ಆಮ್ಲಜನಕದಲ್ಲೇ ಕೆಲಸ ಸಾಗಿದರೆ ಮಾತ್ರ ಲೆಕ್ಕ ಕೂಡೀತು. ಅಲ್ಲಿಯವರೆಗೆ ಪಲ್ಪಿಂಗ್ ನೀರಿನ ಗ್ಯಾಸ್ ತೋಟದ ಕೆಲಸದವರ ಲೈನ್‌ಮನೆಯ ಒಲೆಗೇ ಹೋಗಲಿ.