ಅಡಿಪಾಯ ಮುಟ್ಟದ ಐದನೇ ಸೆಮಿಸ್ಟರ್

ಸಿಲೆಬಸ್ ಪರಿಷ್ಕರಣೆಗೆ ಕೂತ ಅಧ್ಯಯನ ಮಂಡಳಿಯಲ್ಲಿ ಮೊದಲು ಏಳುವ ಪ್ರಶ್ನೆ: ಹೊಸದೇನು ಸೇರಿಸೋಣ? ಕಟ್ಟಡದವರು ಕೇಳುವುದೇ ಬೇರೆ: ಈ ಭಾರ ಇಳಿಯುವುದು ಎಲ್ಲಿಗೆ?

ಪಾರ್ಕಿಂಗ್‌ಗೆ ಜಾಗ ಬೇಕೆಂದು ಪಿಲ್ಲರನ್ನು ನೆಲಕ್ಕಿಳಿಸದೆ ಬೀಮಿನ ಮೇಲೆ ನಿಲ್ಲಿಸಿದರೆ ಅದು ಫ್ಲೋಟಿಂಗ್ ಕಾಲಂ. ಭೂಕಂಪದಲ್ಲಿ ಹಾನಿ ಅಲ್ಲೇ ಕೇಂದ್ರೀಕರಿಸುತ್ತದೆಂದು ಭೂಕಂಪ ತಾಳುವ ಕಟ್ಟಡಗಳ ಭಾರತೀಯ ಮಾನಕ, 2016ರ ಐಎಸ್ 1893, ಎಚ್ಚರಿಸುತ್ತದೆ. ಬಿ.ಇ. ಪಠ್ಯಕ್ರಮದಲ್ಲಿ ಇದೇ ನಡೆಯುತ್ತಿದೆ. ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇಯ 2018ರ ಮಾದರಿಯಂತೆ ಎಂಟು ಸೆಮಿಸ್ಟರಿಗೆ ಒಟ್ಟು 160 ಕ್ರೆಡಿಟ್, ಹೊಸದು ಬಂದರೆ ಹಳೆಯದು ಜಾಗ ಬಿಡಬೇಕು. ಐದನೆಯದರಲ್ಲಿ ಮೆಷಿನ್ ಲರ್ನಿಂಗ್ ತೂರಿಸಲು ಕೆಳಗಿನ ಸೆಮಿಸ್ಟರುಗಳ ಗಣಿತವನ್ನು ಕತ್ತರಿಸುತ್ತಾರೆ. ಮೆಷಿನ್ ಲರ್ನಿಂಗ್ ನಿಲ್ಲಬೇಕಾದದ್ದು ಅದೇ ಗಣಿತದ ಮೇಲೆ.

'ಪ್ರಿರಿಕ್ವಿಸಿಟ್ (ಮೊದಲೇ ಓದಿರಬೇಕಾದ ಪೇಪರು) ಹಾಕಿದ್ದೇವಲ್ಲ ಸಾರ್' ಎನ್ನುತ್ತಾರೆ ಮಂಡಳಿಯವರು. ಹಾಕಿರುವುದು ಪೇಪರಿನ ಹೆಸರು. ಭಾರ ಹೊರುವುದು ಪೇಪರಲ್ಲ, ಅದರೊಳಗಿನ ಟಾಪಿಕ್. ಮೆಷಿನ್ ಲರ್ನಿಂಗ್‌ನ ನಾಲ್ಕನೇ ವಾರ ಪಿಸಿಎ (ದತ್ತಾಂಶದ ಆಯಾಮ ತಗ್ಗಿಸುವ ವಿಧಾನ) ಪಾಠ ಇದ್ದರೆ ಮ್ಯಾಟ್ರಿಕ್ಸ್ ಗಣಿತದ ಐಗನ್ ವ್ಯಾಲ್ಯೂ ಬೇಕು. ಅದು ಯಾವ ಪೇಪರಿನ ಯಾವ ಮಾಡ್ಯೂಲಿನಲ್ಲಿದೆ? ಪರೀಕ್ಷೆಯಲ್ಲಿ ಬಿಟ್ಟುಬಿಡಲು ಬರುತ್ತದೆಯೇ? ಮಾಡ್ಯೂಲಿಗೆ ಎರಡು ಪ್ರಶ್ನೆ ಕೊಟ್ಟು ಒಂದನ್ನು ಬರೆಸುವ ಕಡೆ, ಐಗನ್ ವ್ಯಾಲ್ಯೂ ಮುಟ್ಟದೆಯೇ ಪಾಸಾದವರು ತರಗತಿಯಲ್ಲಿ ಕೂತಿರುತ್ತಾರೆ. ಸೈಟಿನ ಕಾಂಕ್ರೀಟು ಲ್ಯಾಬಿನಷ್ಟು ಗಟ್ಟಿ ಬರುವುದಿಲ್ಲ ಎಂದೇ ಕಾಂಕ್ರೀಟಿನ ಮಾನಕ ಐಎಸ್ 456 ಅದರ ಬಲವನ್ನು 1.5ರಿಂದ ಭಾಗಿಸಿ ಲೆಕ್ಕ ಹಿಡಿಯುತ್ತದೆ. ನಮ್ಮ ಸಿಲೆಬಸ್ಸುಗಳು ಮಾತ್ರ ಹಿಂದೆ ಓದಿದ್ದೆಲ್ಲ ನೂರಕ್ಕೆ ನೂರು ತಲೆಯಲ್ಲಿದೆ ಎಂದು ನಂಬುತ್ತವೆ.

ಆದ್ದರಿಂದ ದೊಡ್ಡ ಹಾಳೆಯೊಂದರಲ್ಲಿ ಸೆಮಿಸ್ಟರುಗಳನ್ನು ಕೆಳಗಿನಿಂದ ಮೇಲಕ್ಕೆ ಬರೆಯಿರಿ. ಪ್ರತಿ ಪೇಪರಿಗೂ ಮೊದಲೇ ಗೊತ್ತಿರಬೇಕಾದ ಟಾಪಿಕ್‌ಗಳು ಐದು ಸಾಕು, ಜೊತೆಗೆ ಯಾವ ವಾರ ಬೇಕು ಎಂಬುದು. ಪ್ರತಿಯೊಂದರಿಂದ ಕೆಳಗಿನ ಮಾಡ್ಯೂಲಿಗೆ ಬಾಣ ಎಳೆಯಿರಿ. ನೆಲೆ ಸಿಗದ ಬಾಣಕ್ಕೆ ಕೆಂಪು. ಯಾವುದೇ ಪೇಪರು ತೆಗೆಯುವ ಮೊದಲು ಅದರ ಮೇಲೆ ಬಿದ್ದ ಬಾಣ ಎಣಿಸಿ. ಒಂದೂ ಇಲ್ಲದಿದ್ದರೆ ಅದು ಬರೀ ಅಡ್ಡಗೋಡೆ, ಒಡೆದರೂ ಸೂರು ಬೀಳದು. (ಪಾಠ ಮಾಡುವ ಮೇಷ್ಟ್ರು ಮುನಿಸಿಕೊಳ್ಳುತ್ತಾರೆ, ಅದು ಬೇರೆ ಮಾತು.) ಮೂರು ಕ್ರೆಡಿಟ್ಟಿನ ಥಿಯರಿಗೆ ಹದಿನೈದು ವಾರದಲ್ಲಿ 45 ತಾಸು ಸಿಗುತ್ತದೆ, ಆರು ತಾಸನ್ನಾದರೂ ಹಳೆಯದರ ರಿಪೇರಿಗೆ ಮೀಸಲಿಡಿ.

ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ಬರುವವರು ನೇರ ಮೂರನೇ ಸೆಮಿಸ್ಟರಿಗೆ ಕಾಲಿಡುತ್ತಾರೆ, ಬಿ.ಇ. ಮೊದಲ ವರ್ಷದ ಗಣಿತ ನೋಡಿರುವುದಿಲ್ಲ. ಆ ಕೊರತೆ ತುಂಬುವ ಅವರ ಬ್ರಿಡ್ಜ್ ಕೋರ್ಸಿಗೆ ಬಾಣ ಎಳೆಯುವುದನ್ನು ಬಹುತೇಕರು ಮರೆಯುತ್ತಾರೆ.

ಇದನ್ನು ಎಲ್ಲ ಕಡೆಗೂ ಎಳೆಯಬೇಡಿ. ಇತಿಹಾಸ, ಸಾಹಿತ್ಯದ ಎಂ.ಎ.ಗಳಲ್ಲಿ ಪೇಪರುಗಳು ಹೆಚ್ಚಾಗಿ ಅಕ್ಕಪಕ್ಕ ನಿಲ್ಲುವಂಥವು. ಅಲ್ಲಿ ಪ್ರಿರಿಕ್ವಿಸಿಟ್ ಹೇರಿದರೆ ವಿದ್ಯಾರ್ಥಿಯ ಆಯ್ಕೆ ಕಿರಿದಾಗುತ್ತದೆ, ಅಷ್ಟೇ.